ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟದವರು

ಆಕಾಶದ ಫೋಟೋ ತೆಗೆಯುವುದರಲ್ಲಿ ಹೆಸರಾಗಿದ್ದ ನಮ್ಮ ಮೇಷ್ಟ್ರಿಗೆ ಕತ್ತಲಾದ ಮೇಲೆ ಕಣ್ಣು ಕಾಣುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ; ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೆ. ಎಂಬತ್ತರ ದಶಕದ ಕೊನೆಯಲ್ಲಿ ಮೆಲ್ಬರ್ನಿನಲ್ಲಿದ್ದ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಯಾರಿಗೆ ಶುಗರ್ ಬಂದಿದೆ, ಯಾರಿಗೆ ಇಲ್ಲೇ ನೆಲೆಸುವ ಪಿಆರ್ ಬಂದಿಲ್ಲ, ಯಾರ ಅತ್ತೆ ಯಾವಾಗ ಬಂದು ಎಷ್ಟು ತಿಂಗಳು ಕೂರುತ್ತಾರೆ, ಎಲ್ಲವೂ ಎಲ್ಲರಿಗೂ ಗೊತ್ತಿತ್ತು. ಅಷ್ಟು ಜನರ ನಡುವೆ ಈ ಮನುಷ್ಯ ತಮ್ಮ ಇರುಳುಗುರುಡನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡರು. ಮುಚ್ಚಿಟ್ಟುಕೊಂಡು ಮನೆಯಲ್ಲಿ ಕೂತಿದ್ದರೆ ಸರಿ. ಕಾರು ಓಡಿಸಿದರು. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅವರ ವೈಕುಂಠ ಸಮಾರಾಧನೆಯ ಊಟ ಮಾಡಿ ಸಿಡ್ನಿಯಿಂದ ಬಂದು ಇನ್ನೂ ಸೂಟ್‌ಕೇಸ್ ಬಿಚ್ಚದ ಈ ಹೊತ್ತಿನಲ್ಲೂ.

ಮೈಸೂರಿನವರು. ಇಲ್ಲಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದರು. ಮನೆ ಕ್ಲೇಟನ್ನಿನಲ್ಲಿ, ನಮ್ಮ ಬಾಡಿಗೆ ಯೂನಿಟ್ಟಿನ ಹಿಂದಿನ ಬೀದಿ. ತೆಳ್ಳಗೆ ಎತ್ತರಕ್ಕಿದ್ದರು, ಕುತ್ತಿಗೆಯನ್ನು ಕೊಂಚ ಮುಂದೆ ಚಾಚಿ ನಡೆಯುವವರು. ಕಾಫಿ ಕೊಡಲು ಹೋದರೆ ಲೋಟಕ್ಕೆ ಕೈ ಚಾಚುತ್ತಿರಲಿಲ್ಲ. ಅಂಗೈ ಬಿಡಿಸಿ ಹಿಡಿಯುತ್ತಿದ್ದರು, ಲೋಟವೇ ಬಂದು ಅದರಲ್ಲಿ ಕೂರಬೇಕು. ದೊಡ್ಡವರ ಗತ್ತು ಎಂದುಕೊಂಡಿದ್ದೆವು. ಹೊಸದಾಗಿ ಬಂದ ಹೆಂಗಸರಿಗೆಲ್ಲ ಅವರೇ ಡ್ರೈವಿಂಗ್ ಗುರು. ಗಂಡಂದಿರು ಕಲಿಸಲು ಹೊರಟರೆ ಸಂಸಾರ ಉಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ನನಗೂ ಅವರೇ ಕಲಿಸಿದರು. "ಬೆಳಕಿದ್ದಾಗ ಬಾಮ್ಮ" ಎನ್ನುತ್ತಿದ್ದರು. ಚಳಿಗಾಲದಲ್ಲಿ ಸ್ವಲ್ಪ ತಡವಾಗಿ ಹೋದರೂ ಬಾಗಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸುತ್ತಿದ್ದರು.

ಅವರ ಹೆಂಡತಿ ಲಲಿತಕ್ಕನಿಗೆ ಮಾತ್ರ ಈ ಗುರುವಿನಿಂದ ವಿದ್ಯೆ ಹತ್ತಲಿಲ್ಲ. ಸ್ಟಿಯರಿಂಗ್ ಹಿಡಿದರೆ ಕೈ ನಡುಗುತ್ತಿತ್ತಂತೆ. ಆದರೆ ಪಕ್ಕದ ಸೀಟಿನಲ್ಲಿ ಕೂತರೆ ಬಾಯಿ ನಿಲ್ಲುತ್ತಿರಲಿಲ್ಲ. "ಮುಂದೆ ಸಿಗ್ನಲ್, ಕೆಂಪು ಬಿತ್ತು. ಎಡಗಡೆ ಸೈಕಲ್ಲು. ನಿಧಾನ, ಹಂಪ್ ಇದೆ. ಬಲಗಡೆಯವನು ನುಗ್ತಾ ಇದಾನೆ, ಬಿಡಿ, ಹೋಗ್ಲಿ." ಸಂಜೆಯ ಊಟಗಳಿಂದ ಅವರ ಕಾರಿನಲ್ಲಿ ಮನೆ ಸೇರಿದವರೆಲ್ಲ ಇದನ್ನು ಕೇಳಿದವರೇ. ನನ್ನ ಗಂಡ ಅದಕ್ಕೆ ಕ್ರಿಕೆಟ್ ಕಾಮೆಂಟರಿ ಎಂದು ಹೆಸರಿಟ್ಟಿದ್ದರು. ಮೇಷ್ಟ್ರು, "ಏನ್ಮಾಡೋದಪ್ಪ, ಆಫ್ ಮಾಡೋ ಸ್ವಿಚ್ ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ" ಎಂದು ನಮ್ಮ ಜೊತೆ ತಾವೂ ನಗುತ್ತಿದ್ದರು. ಲಲಿತಕ್ಕ ನಗುತ್ತಿರಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯುತ್ತಲೂ ಇರಲಿಲ್ಲ.

ಫೋಟೋ ಹುಚ್ಚು ಹತ್ತಿದ್ದು ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ಚಿಕ್ಕೋನಿದ್ದಾಗ ನಕ್ಷತ್ರ ಅನ್ನೋದು ಪುರಾಣದವರು ಕಟ್ಟಿದ್ದು ಅಂದ್ಕೊಂಡಿದ್ದೆ ಕಣಮ್ಮ. ಕಾಮಧೇನು, ಕಲ್ಪವೃಕ್ಷ, ನಕ್ಷತ್ರ. ಎಲ್ಲರೂ ಹೂಂ ಅಂತಾರೆ, ನಾನೂ ಹೂಂ ಅಂದೆ. ಕಾಲೇಜಿಗೆ ಬಂದ್ಮೇಲೆ ಯಾರದೋ ಕ್ಯಾಮೆರಾ ಆಕಾಶಕ್ಕೆ ಇಟ್ಟು ಫಿಲಂ ತೊಳೆದು ನೋಡ್ತೀನಿ, ಇದ್ದಾವೆ!" ನಾವು ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರ ಜೋಕು ಎಂದರೆ ಹಾಗೇ, ಮುಖ ಗಂಟು ಹಾಕಿಕೊಂಡೇ ಹೇಳುವುದು.

ಅವರ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಒಂದು ಕಡೆ ಫಿಲಂ ತೊಳೆಯುವ ಸಾಮಾನು. ಇನ್ನೊಂದು ಮೂಲೆಯಲ್ಲಿ ಲಲಿತಕ್ಕನ ಉಪ್ಪಿನಕಾಯಿಯ ಖಾಲಿ ಬಾಟಲಿ. ಬಾಟಲಿಯೊಳಗೆ ರೇಷ್ಮೆ ದಾರದಲ್ಲಿ ತೂಗುಬಿಟ್ಟ ಪುಟ್ಟ ಅಯಸ್ಕಾಂತ, ಅದಕ್ಕೆ ಅಂಟಿಸಿದ ಕನ್ನಡಿ ಚೂರು. ಕನ್ನಡಿಗೆ ದೀಪ ಬಿಟ್ಟರೆ ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕಿ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದರೆ ಒಂದೆರಡು ದಿನದಲ್ಲಿ ಅದರ ಬಿರುಗಾಳಿ ಭೂಮಿಗೆ ಬಂದು ಬಡಿಯುತ್ತದೆ, ಆಗ ಈ ಅಯಸ್ಕಾಂತ ಅಲುಗುತ್ತದೆ, ಗೋಡೆಯ ಚುಕ್ಕಿ ಜರುಗುತ್ತದೆ ಎಂದು ವಿವರಿಸಿದ್ದರು. ಚುಕ್ಕಿ ಜರುಗಿದ ದಿನ ಕತ್ತಲಾದ ಮೇಲೆ ದಕ್ಷಿಣದ ಆಕಾಶದಲ್ಲಿ ಅರೋರಾ ಎಂಬ ಬಣ್ಣದ ಬೆಳಕು ಕಂಡರೂ ಕಾಣಬಹುದು. ಅವರು ಅದುವರೆಗೆ ತೆಗೆದಿದ್ದ ಅರೋರಾಗಳು ಒಂದೆರಡೇ: ಸಮುದ್ರದ ಅಂಚಿನಲ್ಲಿ ತೆಳು ಗುಲಾಬಿ ಕಲೆ. "ಇದು ಫಿಲಂ ಕಂಡಿದ್ದು. ನಾನು ಕಾಣ್ಬೇಕು ಅಂದ್ರೆ ಬಹಳ ದೊಡ್ಡದು ಬರ್ಬೇಕು. ಬೇಗ ಬರ್ಬೇಕು" ಎನ್ನುತ್ತಿದ್ದರು. ಬೇಗ ಎಂದೇಕೆ ಅವಸರ ಎಂದು ನಾವು ಯಾರೂ ಕೇಳಲಿಲ್ಲ.

ಅದು ಬಂದದ್ದು ಎಂಬತ್ತೊಂಬತ್ತರ ಮಾರ್ಚಿನಲ್ಲಿ, ಲೇಬರ್ ಡೇ ರಜೆಯ ಸೋಮವಾರ. ನನ್ನ ಗಂಡನಿಗೆ ರಜೆಯಲ್ಲೂ ಶಿಫ್ಟ್ ಇತ್ತು. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ, ಮೇಷ್ಟ್ರು ಓಡುತ್ತಾ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರೇಡಿಯೋದ ಶಾರ್ಟ್ ವೇವ್ ಪೂರ್ತಿ ಸತ್ತುಹೋಗಿದೆ, ದೆಹಲಿ ಇಲ್ಲ, ಲಂಡನ್ ಇಲ್ಲ, ಬರೀ ಗೊರಗೊರ ಎಂದರು. ಗರಾಜಿಗೆ ಕರೆದೊಯ್ದು ತೋರಿಸಿದರು. ಗೋಡೆಯ ಚುಕ್ಕಿ ತನ್ನ ಜಾಗ ಬಿಟ್ಟು ಎಲ್ಲೋ ಹೋಗಿತ್ತು. ನಾವು ನೋಡುತ್ತಿದ್ದಂತೆ ಮತ್ತೆ ಸರಿಯಿತು, ನಿಂತಿತು, ವಾಪಸ್ಸು ಬಂತು. ಗಾಳಿಯಿಲ್ಲ, ಬಾಟಲಿಯ ಮುಚ್ಚಳ ಬಿಗಿಯಾಗಿದೆ, ಮುಟ್ಟಿದವರಿಲ್ಲ. ಒಳಗೆ ಆ ಚೂರು ಮಾತ್ರ ಯಾರೋ ಕರೆದಂತೆ ತಿರುಗುತ್ತಿತ್ತು. ನನಗೆ ಅದು ಚೂರೂ ಹಿಡಿಸಲಿಲ್ಲ.

"ಲಲಿತಾ ಇಲ್ಲ, ಸಿಡ್ನಿಗೆ ಮಗಳ ಹತ್ರ ಹೋಗಿದಾಳೆ. ನೀನು ಬಾಮ್ಮ, ಸಮುದ್ರದ ಹತ್ರ ಹೋಗೋಣ. ಹೋಗೋವಾಗ ಬೆಳಕಿರತ್ತೆ."

"ಬರೋವಾಗ, ಮೇಷ್ಟ್ರೇ?"

"ಬರೋವಾಗ ನೋಡೋಣ."

ಗಂಡನಿಗೆ ಫೋನ್ ಮಾಡಿದೆ. "ಮೇಷ್ಟ್ರ ಜೊತೆ ತಾನೇ? ಧೈರ್ಯವಾಗಿ ಹೋಗ್ಬಾ" ಎಂದರು. ಆಗ ನನ್ನ ಬಳಿ ಇದ್ದದ್ದು ಕಲಿಯುವವರ ಎಲ್ ಪ್ಲೇಟ್ ಮಾತ್ರ.

ಮಾರ್ನಿಂಗ್ಟನ್ ಪೆನಿನ್ಸುಲಾದ ತುದಿಯಲ್ಲಿ ಒಂದು ಲೈಟ್‌ಹೌಸ್ ಇದೆ. ಅದರಾಚೆ ದಕ್ಷಿಣಕ್ಕೆ ನೀರು ಬಿಟ್ಟರೆ ಏನೂ ಇಲ್ಲ. ಸೂರ್ಯ ಮುಳುಗುವ ಮೊದಲೇ ತಲುಪಿದೆವು. ಅವರು ಅವಸರ ಅವಸರವಾಗಿ ಬಂಡೆಯ ಮೇಲಿನ ಹುಲ್ಲಿನಲ್ಲಿ ಟ್ರೈಪಾಡ್ ನಿಲ್ಲಿಸಿದರು, ಕ್ಯಾಮೆರಾ ಕೂರಿಸಿದರು. ಆಮೇಲೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತೆಗೆದು ಒಂದು ತುದಿಯನ್ನು ಕಾರಿನ ಬಾಗಿಲಿಗೂ ಇನ್ನೊಂದನ್ನು ಟ್ರೈಪಾಡಿನ ಕಾಲಿಗೂ ಕಟ್ಟಿದರು. ಗಾಳಿಗೆ ಬೀಳದಿರಲಿ ಎಂದು ಕಟ್ಟುತ್ತಿದ್ದಾರೆ ಎಂದುಕೊಂಡೆ. ಹುಲ್ಲು ಮುಗಿದಲ್ಲಿ ಮೊಣಕಾಲೆತ್ತರದ ಮರದ ಬೇಲಿ, ಬೇಲಿಯಾಚೆ ಪ್ರಪಾತ, ಕೆಳಗೆ ಅಲೆಗಳ ಸದ್ದು. ನಮ್ಮ ಬೆನ್ನ ಹಿಂದೆ ಅರ್ಧ ಚಂದ್ರನಿದ್ದ. ಬೇರೆ ಯಾರೂ ಇರಲಿಲ್ಲ.

ಕತ್ತಲಾಗುತ್ತಿದ್ದಂತೆ ದಕ್ಷಿಣದಲ್ಲಿ ಇನ್ನೊಂದು ಸಂಜೆ ಶುರುವಾಯಿತು. ಸೂರ್ಯ ಪಶ್ಚಿಮಕ್ಕೆ ಮುಳುಗಿ ಆಗಿತ್ತು. ಇದು ಯಾವ ಸೂರ್ಯನದೂ ಅಲ್ಲದ ಕೆಂಪು. ಮೊದಲು ನೀರಿನ ಅಂಚಿಗಷ್ಟೇ ಇತ್ತು, ಆಮೇಲೆ ಮೇಲೆ ಮೇಲೆ ಬಂತು. ನಮ್ಮ ಕಡೆ ಸಮುದ್ರ ಕಪ್ಪಾದಷ್ಟೂ ಅದು ದಟ್ಟವಾಯಿತು. ದಕ್ಷಿಣ ಯಮನ ದಿಕ್ಕು ಎಂದು ಕೇಳಿಕೊಂಡು ಬೆಳೆದವಳು ನಾನು. ಎಂಎಸ್ಸಿ ಓದಿದ್ದೇನೆ, ಆದರೂ ಹಿಂದೆ ಸರಿದು ಕಾರಿಗೆ ಒರಗಿ ನಿಂತೆ.

"ಏನು ಕಾಣ್ತಿದೆ, ಹೇಳು" ಎಂದರು ಮೇಷ್ಟ್ರು.

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಅದು ಅಭ್ಯಾಸ. "ಕೆಂಪು" ಎಂದೆ.

"ಯಾವ ಕೆಂಪು? ಸರಿಯಾಗಿ ಹೇಳಮ್ಮ."

"ಅರಿಶಿನಕ್ಕೆ ಸುಣ್ಣ ಕಲಸಿ ಆರತಿ ನೀರು ಮಾಡ್ತಾರಲ್ಲ, ಕುರುದಿ ನೀರು. ಆ ಕೆಂಪು. ಮಧ್ಯೆ ಬಿಳೀ ಕಂಬ ಎದ್ದಿದೆ, ಎರಡು, ಮೂರು. ನಡೀತಾ ಇದಾವೆ ಮೇಷ್ಟ್ರೇ, ಎಡಕ್ಕೆ."

ಅವರು ಶಟರ್ ತೆರೆದರು. ಫಿಲಂಗೆ ಎಷ್ಟು ಹೊತ್ತು ಬೆಳಕು ಕುಡಿಸಬೇಕು ಎಂಬುದನ್ನು ಅವರು ಗಡಿಯಾರ ನೋಡಿ ಅಳೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಗಾಯತ್ರಿ ಹೇಳಿಕೊಳ್ಳುತ್ತಿದ್ದರು, ಮಂತ್ರದ ಮೇಲೆ ಮಂತ್ರ, ಮುಗಿದೊಡನೆ ಕ್ಲಿಕ್. ನಾನು ಬಣ್ಣ ಹೇಳುವುದು, ಅವರು ಜಪ ಮಾಡುವುದು. ಎಷ್ಟೋ ಹೊತ್ತು ಹೀಗೇ ನಡೆಯಿತು. ಮಧ್ಯೆ ಮಧ್ಯೆ ಅವರು ತಲೆಯನ್ನು ಅತ್ತ ಇತ್ತ ಓರೆ ಮಾಡಿ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ಎದುರಿಗೇ ಅರ್ಧ ಆಕಾಶ ಉರಿಯುತ್ತಿರುವಾಗ ಈ ಮನುಷ್ಯ ಹುಡುಕುವುದಾದರೂ ಏನನ್ನು ಎಂದು ನನಗೆ ವಿಚಿತ್ರ ಅನಿಸಿತು.

ಆಗ ಒಮ್ಮೆಲೇ ಎಲ್ಲ ಹೆಚ್ಚಿತು. ಕೆಂಪು ನೆತ್ತಿಯವರೆಗೂ ಬಂತು. ಹುಲ್ಲು ಕೆಂಪಾಯಿತು, ಕಾರಿನ ಬಿಳಿ ಬಾನೆಟ್ ಕೆಂಪಾಯಿತು. "ಅಯ್ಯೋ, ತಲೆ ಮೇಲೇ ಬಂತು!" ಎಂದು ಕೂಗಿದೆ. ಮೇಷ್ಟ್ರು ಅದುವರೆಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದ ಹಗ್ಗ ಬಿಟ್ಟರು. ಎರಡು ಕೈಗಳನ್ನೂ ಮುಂದೆ ಚಾಚಿ, ಮುಖ ಮೇಲೆತ್ತಿ, ದಕ್ಷಿಣಕ್ಕೆ ನಡೆಯತೊಡಗಿದರು. ಬೇಲಿ ಇರುವ ಕಡೆಗೆ. ನೋಡಿಕೊಂಡು ನಡೆಯುವವರ ನಡಿಗೆಯಾಗಿರಲಿಲ್ಲ ಅದು. ನನಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು: ಹಗ್ಗ, ಲೋಟಕ್ಕೆ ಬಿಡಿಸಿದ ಅಂಗೈ, ಬೆಳಕಿದ್ದಾಗಿನ ಪಾಠ, ಲಲಿತಕ್ಕನ ಕಾಮೆಂಟರಿ.

"ಮೇಷ್ಟ್ರೇ, ನಿಲ್ಲಿ! ಬೇಲಿ! ಮುಂದೆ ಬೇಲಿ!"

ನಿಂತರು. ಮರದ ಪಟ್ಟಿ ಅವರ ಮೊಣಕಾಲಿಗೆ ತಗಲಿತ್ತು. ಇತ್ತ ತಿರುಗದೆ ಬಹಳ ಸಮಾಧಾನದ ದನಿಯಲ್ಲಿ ಕೇಳಿದರು: "ಈಗಲೂ ತಲೆ ಮೇಲೇ ಇದೆಯಾ?"

"ಇದೆ."

"ನನಗೆ ಕಪ್ಪು ಕಣಮ್ಮ. ಇಷ್ಟು ದೊಡ್ಡದು ಬಂದ್ರೂ ಕಪ್ಪೇ."

ಕೈ ಹಿಡಿದು ಕರೆತಂದು ಕಾರಿನಲ್ಲಿ ಕೂರಿಸಿದೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: ವಾಪಸ್ಸು ಹೇಗೆ ಹೋಗೋಣ ಅಂತಿದ್ರಿ, ನನ್ನ ಪ್ರಾಣಕ್ಕೆ ಬೆಲೆ ಇಲ್ಲವಾ, ಎಂದು. ಎಲ್ಲ ಬೈಸಿಕೊಂಡ ಮೇಲೆ ಹೇಳಿದರು. ಅದು ಅವರ ಮನೆತನಕ್ಕೇ ಬಂದದ್ದು. ಅಜ್ಜನಿಗೆ, ಅಪ್ಪನಿಗೆ, ಚಿಕ್ಕಪ್ಪನಿಗೆ. ದೀಪ ಹಚ್ಚಿದ ಮೇಲೆ ಆ ಮನೆಯ ಗಂಡಸರು ಹೊಸ್ತಿಲು ದಾಟುತ್ತಿರಲಿಲ್ಲ. ಸಂಧ್ಯಾವಂದನೆಗೆ ಕೂತರೆ ಊಟದ ಹೊತ್ತಿನವರೆಗೂ ಜಪ. ಬೀದಿಯವರು ಅದನ್ನು ಆಚಾರವಂತರ ಮನೆ ಎಂದು ಕೈ ಮುಗಿದು ಹೋಗುತ್ತಿದ್ದರು. "ಆಚಾರವೂ ಇಲ್ಲ, ಮಣ್ಣೂ ಇಲ್ಲ. ಹೊರಗೆ ಬಂದ್ರೆ ಚರಂಡಿಗೆ ಬೀಳ್ತಿದ್ರು. ನಮ್ಮಜ್ಜ ಅಷ್ಟೊಂದು ಗಾಯತ್ರಿ ಮಾಡಿದ್ದು ಬೇರೆ ಏನೂ ಮಾಡಕ್ಕೆ ಆಗ್ದೆ." ಮೊದಲು ಇರುಳು ಹೋಗುತ್ತದೆ, ಆಮೇಲೆ ಹಗಲೂ ಬದಿಗಳಿಂದ ಮುಚ್ಚುತ್ತಾ ಬಂದು ಕೊಳವೆಯಲ್ಲಿ ನೋಡಿದಷ್ಟಾಗುತ್ತದೆ, ಕೊನೆಗೆ ಅದೂ ಇಲ್ಲ. ಅವರದು ಆಗಲೇ ಕೊಳವೆಯಾಗಿತ್ತು. ಆದ್ದರಿಂದಲೇ ಆ ಅವಸರ.

"ಶುಭಾಗೆ?" ಎಂದೆ. ಶುಭಾ ಅವರ ಒಬ್ಬಳೇ ಮಗಳು, ಆಗ ಸಿಡ್ನಿಯಲ್ಲಿ ಓದುತ್ತಿದ್ದಳು.

"ನಮ್ಮಲ್ಲಿ ಗಂಡಸರಿಗೆ ಮಾತ್ರ ಬರೋದು. ಕಣ್ಣಿನ ಡಾಕ್ಟರು ಮಗಳನ್ನೂ ಕರ್ಕೊಂಡು ಬಾ, ನೋಡೋಣ ಅಂದ್ರು. ಯಾಕೆ ಸುಮ್ನೆ ಅಂದೆ. ನಮ್ಮಮ್ಮ, ಅತ್ತೆಯರು, ಯಾವ ಹೆಂಗಸಿಗೂ ಇರ್ಲಿಲ್ಲ. ನನ್ನಲ್ಲಿಗೇ ಮುಗೀತು ಇದು. ಅದೊಂದು ಸಮಾಧಾನ ನೋಡು."

ವಾಪಸ್ಸು ನಾನೇ ಓಡಿಸಿದೆ. ಕತ್ತಲಲ್ಲಿ ಒಂದು ದಿನವೂ ಸ್ಟಿಯರಿಂಗ್ ಹಿಡಿಯದವಳು. ಪಕ್ಕದಲ್ಲಿ ನನಗೆ ಕಲಿಸಿದ ಗುರು, ಕುರುಡಾಗಿ. ಎರಡೂ ಕಡೆ ಪೊದೆ, ಎಲ್ಲಿಂದ ಕಾಂಗರೂ ಹಾರುತ್ತದೋ ಗೊತ್ತಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಆಕಾಶ ಇನ್ನೂ ಕೆಂಪಗೆ ನಮ್ಮನ್ನೇ ಅಟ್ಟಿಸಿಕೊಂಡು ಬರುತ್ತಿತ್ತು. ಭಯಕ್ಕೆ ನಾನೇ ಮಾತನಾಡತೊಡಗಿದೆ. "ಮುಂದೆ ತಿರುವು, ಎಡಕ್ಕೆ. ಎದುರಿಗೆ ಲಾರಿ. ಹೋಯ್ತು. ಈಗ ಇಳಿಜಾರು." ಮೇಷ್ಟ್ರು ಪ್ರತಿಯೊಂದಕ್ಕೂ ಹೂಂ ಎಂದರು. ಲಲಿತಕ್ಕನನ್ನು ನೆನೆದು ಅಳು ಬಂತು. ಇದನ್ನು ಆಕೆ ಎಷ್ಟು ವರ್ಷದಿಂದ ಮಾಡುತ್ತಿದ್ದಾರೋ, ನಾವು ನಗುತ್ತಾ ಕೂತಿದ್ದೆವು.

ಮರುದಿನದ ಸುದ್ದಿಯಲ್ಲಿ ಕೆನಡಾದ ಕಡೆ ಅದೇ ಬಿರುಗಾಳಿಗೆ ವಿದ್ಯುತ್ ಜಾಲವೇ ಕುಸಿದು ಊರಿಗೆ ಊರೇ ಕತ್ತಲಾಯಿತೆಂದು ಬಂತು. ಯುಗಾದಿಯ ಸಂಜೆ ಸ್ಲೈಡುಗಳನ್ನು ತೋರಿಸಿದರು. ಬಾಡಿಗೆ ಹಾಲ್‌ನ ದೀಪ ಆರಿಸಿ ಪರದೆಯ ಮೇಲೆ ಆ ಕೆಂಪು ಮೂಡಿದೊಡನೆ ಮಕ್ಕಳು "ವಾವ್" ಎಂದವು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಜೋಯಿಸರೊಬ್ಬರು ಮಾತ್ರ ಹೋಳಿಗೆ ತಿನ್ನುವುದನ್ನು ನಿಲ್ಲಿಸಿದರು. "ಇದು ದಿಗ್ದಾಹ, ದಿಕ್ಕೇ ಹತ್ತಿ ಉರಿಯೋದು. ಉತ್ಪಾತ, ಅಪಶಕುನ. ಅದೂ ದಕ್ಷಿಣಕ್ಕೆ. ಕಂಡವರ ಮನೇಲಿ ಶಾಂತಿ ಮಾಡಿಸ್ಕೊಳೋದು ಒಳ್ಳೇದು."

"ಹಾಗಾದ್ರೆ ನನಗೆ ಭಯವಿಲ್ಲ ಬಿಡಿ" ಎಂದರು ಮೇಷ್ಟ್ರು. "ನಾನು ಕಂಡೇ ಇಲ್ಲ." ಎಲ್ಲರೂ ನಕ್ಕರು. ನನಗೂ ಲಲಿತಕ್ಕನಿಗೂ ನಗಲಾಗಲಿಲ್ಲ. ಆಮೇಲೆ ಪ್ರೊಜೆಕ್ಟರಿನ ಪಕ್ಕ ಕರೆದು ಮೆಲ್ಲಗೆ ಹೇಳಿದರು: "ಪರದೆ ಮೇಲೆ ಕಾಣ್ತು ಕಣಮ್ಮ. ಕುರುದಿ ನೀರು ಅಂದ್ಯಲ್ಲ, ಅದೇ ಬಣ್ಣ. ನೀನು ಸರಿಯಾಗೇ ಹೇಳಿದ್ದೆ." ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ನನ್ನ ಸಿಟ್ಟೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ.

ಸಮುದ್ರದ ಆ ಸಂಜೆಯಾದ ಮೇಲೆ ಅವರು ಕಾರು ಮುಟ್ಟಲಿಲ್ಲ. ಲಲಿತಕ್ಕ ಸಿಡ್ನಿಯಿಂದ ಬಂದು ಎಲ್ಲ ತಿಳಿದೊಡನೆ ಕಾರಿನ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟುಬಿಟ್ಟಿದ್ದರು. ತೊಂಬತ್ತರ ದಶಕದ ನಡುವೆ ಕೊಳವೆಯೂ ಮುಚ್ಚಿತು. ಬೇಗನೆ ನಿವೃತ್ತಿ ತೆಗೆದುಕೊಂಡು ಮನೆ ಮಾರಿ ಸಿಡ್ನಿಗೆ ಹೋದರು, ಕ್ವೇಕರ್ಸ್ ಹಿಲ್‌ನಲ್ಲಿ ಮಗಳು ಅಳಿಯನ ಜೊತೆ ಇರಲು. ಆಗಾಗ ಫೋನ್ ಮಾಡುತ್ತಿದ್ದರು. ದೂರು ಎಂಬುದು ಆ ಬಾಯಲ್ಲಿ ಬರಲೇ ಇಲ್ಲ. "ನನ್ನಲ್ಲಿಗೇ ಮುಗೀತಲ್ಲ, ಸಾಕು" ಎಂಬ ಮಾತು ಮಾತ್ರ ಒಂದಲ್ಲ ಒಂದು ನೆಪದಲ್ಲಿ ಬರುತ್ತಿತ್ತು. ಹೋದ ತಿಂಗಳು ನಿದ್ದೆಯಲ್ಲೇ ಹೋದರು.

ಕ್ವೇಕರ್ಸ್ ಹಿಲ್‌ನ ಆ ಮನೆಗೆ ನಾನು ಹೋದದ್ದು ಇದೇ ಮೊದಲು. ಸಮಾರಾಧನೆಯ ಊಟ ಮುಗಿದು ನೆಂಟರೆಲ್ಲ ಹೊರಟಿದ್ದರು. ಹೊರಗೆ ಇನ್ನೂ ಬೆಳಕು ಧಾರಾಳವಾಗಿತ್ತು. ಶುಭಾ ಒಂದೊಂದೇ ಕೋಣೆಗೆ ಹೋಗಿ ದೀಪ ಹಾಕುತ್ತಾ ಬಂದಳು: ಹಾಲು, ಕಾರಿಡಾರು, ಮೆಟ್ಟಿಲು, ಬಚ್ಚಲು, ಒಂದನ್ನೂ ಬಿಡದೆ.

"ನಮ್ಮನೆ ಏರ್‌ಪೋರ್ಟ್ ರನ್‌ವೇ ಆಂಟಿ" ಎಂದು ಅವಳ ಗಂಡ ನಕ್ಕ. "ಮಾವನಿಗೋಸ್ಕರ ಶುರು ಮಾಡಿದ್ಲು. ಅವರಿಗಂತೂ ಏನೂ ಕಾಣ್ತಿರ್ಲಿಲ್ಲ, ಇವಳು ಹಾಕೋದು ಬಿಡ್ಲಿಲ್ಲ."

ನಾನು ಕಾಫಿ ಲೋಟ ಅವಳತ್ತ ಚಾಚಿದೆ. ಶುಭಾ ಅಂಗೈ ಬಿಡಿಸಿ ಹಿಡಿದಳು. ಲೋಟವೇ ಬಂದು ಕೂರಲಿ ಎಂದು ಕಾದಳು.

ಲಲಿತಕ್ಕನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಎದ್ದು ಅಡಿಗೆಮನೆಗೆ ಹೋದರು, ನಾನೂ ಹಿಂದೆಯೇ ಹೋದೆ.

"ಯಾವಾಗಿಂದ?" ಎಂದೆ.

"ಮೂರ್ನಾಕು ವರ್ಷ. ಕಾರು ಬಿಟ್ಟಿದಾಳೆ, ಟ್ರೈನಲ್ಲಿ ಹೋಗ್ತಾಳೆ ಆಫೀಸಿಗೆ. ಗಂಡನಿಗೆ ಇನ್ನೂ ಹೇಳಿಲ್ಲ."

"ಹೆಂಗಸರಿಗೆ ಬರಲ್ಲ ಅಂದಿದ್ರಲ್ಲ ಮೇಷ್ಟ್ರು."

ಲಲಿತಕ್ಕ ಸಿಂಕಿನ ಅಂಚು ಹಿಡಿದು ನಿಂತರು. "ನಮ್ಮತ್ತೆ, ಅವರೂ ಆ ಮನೆಯ ಸೋದರತ್ತೆ ಮಗಳೇ, ದೀಪ ಹಚ್ಚಿದ ಮೇಲೆ ಅಡಿಗೆಮನೆ ಬಿಟ್ಟು ಆಚೆ ಬಂದಿದ್ದು ನಾನು ನೋಡೇ ಇಲ್ಲ. ಮಡಿ ಅಂದ್ಕೊಂಡ್ವಿ. ಇವರ ಅಕ್ಕಂದಿರೂ ಅಷ್ಟೇ. ಹೊರಗೆ ಹೋಗೋ ಗಂಡಸರು ಬಿದ್ರು, ಗೊತ್ತಾಯ್ತು. ಒಳಗಿದ್ದ ಹೆಂಗಸರನ್ನ ನಿಮಗೆ ಕಾಣತ್ತಾ ಅಂತ ಯಾರು ಕೇಳಿದ್ರು, ಹೇಳು."

"ಅವರಿಗೆ ಗೊತ್ತಿತ್ತಾ?"

"ಇಲ್ಲ." ಸಿಂಕಿನಲ್ಲಿದ್ದ ಲೋಟ ತೊಳೆದು ಬೋರಲು ಹಾಕಿದರು. "ಜೀವಮಾನವೆಲ್ಲ ದಾರೀಲಿ ಏನು ಬಂದ್ರೂ ಹೇಳ್ದೆ ಅವರಿಗೆ. ಹಳ್ಳ, ದಿಣ್ಣೆ, ನಾಯಿ, ನರಿ. ಇದೊಂದು ಹೇಳಲಿಲ್ಲ. ಕೊನೇ ದಿನಾನೂ ಕೇಳಿದ್ರು, ಶುಭಾ ಚೆನ್ನಾಗಿದಾಳಲ್ಲ ಅಂತ. ದಾರಿ ಸಮ ಇದೆ, ಹೋಗಿ ಅಂದೆ."

ನನ್ನ ಟ್ಯಾಕ್ಸಿ ಬಂತು. ಅಷ್ಟರಲ್ಲಿ ಹೊರಗೆ ಮಬ್ಬು ಕವಿದಿತ್ತು. ಶುಭಾ ಬಾಗಿಲವರೆಗೆ ಬಂದು ಹೊಸ್ತಿಲಲ್ಲೇ ನಿಂತಳು. "ಇಲ್ಲಿಂದಲೇ ಬೈ ಹೇಳ್ತೀನಿ ಆಂಟಿ. ದೀಪ ಹಚ್ಚಿದ ಮೇಲೆ ಹೊರಗೆ ಬರೋದು ನಮ್ಮನೇಲಿ ಅಭ್ಯಾಸ ಇಲ್ಲ" ಎಂದು ನಕ್ಕಳು, ಥೇಟ್ ಅಪ್ಪನ ಹಾಗೆ. ಆಮೇಲೆ ಏನನ್ನಿಸಿತೋ, ನನ್ನನ್ನು ಅಪ್ಪಿಕೊಳ್ಳಲು ಕಾಲು ಮುಂದಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಹಿಂದಿನಿಂದ ಆ ಹಳೆಯ ದನಿ ಬಂತು. ಅಳಿಯನಿಗೆ ಕೇಳುವಷ್ಟು ಜೋರಾಗಿಲ್ಲ, ಮಗಳಿಗೆ ಕೇಳುವಷ್ಟೇ:

"ಮೆಟ್ಟಿಲು. ಇನ್ನೊಂದು ಮೆಟ್ಟಿಲು. ಬಲಗಡೆ ತುಳಸಿ ಕುಂಡ. ಈಗ ಸಮ ಇದೆ, ಹೋಗು."